ಇಬ್ಬರ ಪಾಲಿನ ಬೆವರು

ಕಳೆದ ಚೈತ್ರದಲ್ಲಿ ತೀರ್ಥಹಳ್ಳಿಗೆ ಒಂದು ಗೃಹಪ್ರವೇಶಕ್ಕೆಂದು ಹೊರಟವಳು ರಿಪ್ಪನ್‌ಪೇಟೆಯಲ್ಲಿ ಬಸ್ಸು ಬದಲಿಸಲು ಇಳಿದಿದ್ದೆ. ಒಬ್ಬ ಹೆಂಗಸು ಗೋಣಿತಾಟಿನ ಮೇಲೆ ಮಾವಿನ ಮಿಡಿ ಸುರಿದುಕೊಂಡು ಕೂತಿದ್ದಳು. ನನಗೆ ಮಿಡಿ ಬೇಕಿರಲಿಲ್ಲ. ಆದರೂ ಬಗ್ಗಿ ಒಂದನ್ನು ಎತ್ತಿ, ತೊಟ್ಟು ಮುರಿದು, ಸೊನೆಯ ವಾಸನೆ ನೋಡಿದೆ. ಕೊಳ್ಳುವವರಿಗಿಂತ ಮೂಸಿ ಹೋಗುವವರೇ ಹೆಚ್ಚಾದರು ಎಂದು ಆಕೆ ಗೊಣಗಿದಳು. ಸುಳ್ಳೇನಲ್ಲ. ನಾನು ಅಲ್ಲೇ ಪಕ್ಕದ ಕಟ್ಟೆಯ ಮೇಲೆ ಕೂತೆ. ಅಷ್ಟರಲ್ಲಿ ನನ್ನ ಬಸ್ಸು ಹೋಯಿತು. ಹೋಗಲಿ ಬಿಡಿ, ಬಸ್ಸು ಇನ್ನೊಂದು ಬರುತ್ತದೆ.

ಇದೇ ಪೇಟೆಯಲ್ಲಿ, ಈ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಅರವತ್ತರ ದಶಕದ ನಡುವಿನ ಒಂದು ಬೇಸಿಗೆಯನ್ನು ನಾನು ಬೆವರಿಯೇ ಕಳೆದಿದ್ದೆ. ಬೆವರುವುದು ಎಂದರೆ ಬಿಸಿಲಿಗೆ ಹೋಗಿ ಬಂದವರು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾರಲ್ಲ, ಹಾಗಲ್ಲ. ಕೂತರೆ ಕೂತಲ್ಲಿ ಒದ್ದೆ, ಎದ್ದರೆ ಮಣೆಯ ಮೇಲೆ ಗುರುತು.

ನಾನಾಗ ಬಸುರಿ. ನಮ್ಮ ಕಡೆ ಬಸುರಿಯರು ದಿನ ತುಂಬುತ್ತ ಬಂದಾಗ ತವರಿಗೆ ಹೋಗುತ್ತಾರೆ. ನನಗೆ ಹೋಗಲು ತವರೇ ಇರಲಿಲ್ಲ. ಬ್ಯಾಕೋಡಿನ ಹತ್ತಿರ ಹೊಳೆಯಂಚಿನಲ್ಲಿದ್ದ ನಮ್ಮ ಮನೆ ಹಿಂದಿನ ಮಳೆಗಾಲದಲ್ಲಿ ಅಣೆಕಟ್ಟಿನ ನೀರಿಗೆ ಸೇರಿತ್ತು. ಅಪ್ಪ ಅಮ್ಮ ಸರ್ಕಾರ ಕೊಟ್ಟ ಎಲ್ಲಿಯದೋ ಕಾಡು ಜಾಗದಲ್ಲಿ ಸೋಗೆ ಹೊದಿಸಿದ ಗುಡಿಸಲಲ್ಲಿದ್ದರು. ಅಲ್ಲಿಗೆ ಬಸುರಿಯನ್ನು ಕಳಿಸುವ ಮಾತನ್ನು ಅತ್ತೆ ಎತ್ತಗೊಡಲಿಲ್ಲ. ಹೆರಿಗೆ ಇಲ್ಲೇ ಆಗಲಿ ಎಂದರು. ನಮ್ಮನೆಯವರು ಬಸ್ ಏಜೆಂಟರು, ಅಂದರೆ ಸ್ಟ್ಯಾಂಡಿನಲ್ಲಿ ನಿಂತು ಹೊಸನಗರ, ಆನಂದಪುರ, ಸಾಗರ ಎಂದು ಕೂಗಿ ಜನ ತುಂಬಿಸುವವರು. ಅತ್ತೆ ಮಿಡಿ ಉಪ್ಪಿನಕಾಯಿ ಹಾಕಿ ಸಾಗರದ ಹೋಟೆಲುಗಳಿಗೆ ಕೊಡುತ್ತಿದ್ದರು. ಅವರ ಕೈಯ ಉಪ್ಪಿನಕಾಯಿ ಎರಡು ಮಳೆಗಾಲ ದಾಟಿದರೂ ಕೆಡುವುದಿಲ್ಲವೆಂದು ಹೆಸರಿತ್ತು.

ಅದು ನನ್ನ ಎರಡನೆಯ ಬಸಿರು. ಮೊದಲನೆಯದು ಏಳು ತಿಂಗಳಿಗೆ ಹೋಗಿತ್ತು. ಯಾಕೆ ಹೋಯಿತೆಂದು ಕೇಳಿದರೆ ಒಬ್ಬರು ದೃಷ್ಟಿ ಅಂದರು, ಒಬ್ಬರು ನಾನು ಏಣಿ ಹತ್ತಿದ್ದಕ್ಕೆ ಅಂದರು, ಉಳಿದವರು ಹಣೆಬರಹ ಅಂದರು. ಯಾವುದೂ ನನಗೆ ಸಾಲಲಿಲ್ಲ. ಹಾಗಾಗಿ ಈ ಸಲ ಏಳನೆಯ ತಿಂಗಳು ಹತ್ತಿರ ಬರುತ್ತಿದ್ದಂತೆ ನಾನು ಕಿವಿಯನ್ನು ಹೊಟ್ಟೆಯೊಳಗೇ ಇಟ್ಟುಕೊಂಡು ಓಡಾಡುತ್ತಿದ್ದೆ. ಒದೆತ ಇದ್ದರೆ ನೆಮ್ಮದಿ, ಒಂದು ಗಳಿಗೆ ಇಲ್ಲದಿದ್ದರೆ ಜೀವ ಬಾಯಿಗೆ ಬರುತ್ತಿತ್ತು.

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಅನ್ನುತ್ತಾರೆ. ಆ ವರ್ಷ ಚಳಿ ಹೋದ ದಾರಿಯಲ್ಲೇ ನನಗೆ ಬೆವರು ಬಂತು. ಮೊದಲು ಮೂಗಿನ ತುದಿ, ಆಮೇಲೆ ಕುತ್ತಿಗೆ, ಬೆನ್ನು, ಅಂಗೈ. ಬೆಳಿಗ್ಗೆ ಎಲ್ಲರೂ ಕಂಬಳಿ ಹೊದ್ದಿರುವಾಗಲೂ ನನ್ನ ಕುಪ್ಪಸ ಒದ್ದೆಯಾಗಿರುತ್ತಿತ್ತು. ನಾನು ಮೊದಲಿನಿಂದಲೂ ಏನನ್ನೂ ಸುಮ್ಮನೆ ಬಿಡುವ ಪೈಕಿ ಅಲ್ಲ. ಈ ನೀರು ಎಲ್ಲಿಂದ ಬರುತ್ತದೆ ಎಂದು ನೋಡಬೇಕೆನ್ನಿಸಿತು. ಕನ್ನಡಿಯ ಮುಂದೆ ನಿಂತು ಮೇಲ್ದುಟಿಯ ಮೇಲೆ ಹನಿ ಹುಟ್ಟುವುದನ್ನು ನೋಡುತ್ತಿದ್ದೆ. ಏನೂ ಇಲ್ಲದ ಕಡೆ ಸಣ್ಣದೊಂದು ಹೊಳಪು, ಅದು ಸಾಸಿವೆಯಷ್ಟಾಗಿ, ಪಕ್ಕದ್ದರ ಜೊತೆ ಕೂಡಿ ಇಳಿಯುತ್ತಿತ್ತು. ನಾಲಗೆಗೆ ಹಚ್ಚಿದೆ. ಉಪ್ಪು. ಅದೇ ಅತ್ತೆಯ ಭರಣಿಯ ನೀರಿನ ಉಪ್ಪು, ಆದರೆ ಬಹಳ ತೆಳ್ಳಗೆ.

ಭರಣಿಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಮಿಡಿಯ ಕೆಲಸದಲ್ಲಿ ಒದ್ದೆ ಕೈಗೆ ಜಾಗವಿಲ್ಲ. ಮಿಡಿ ಒರೆಸಿ, ತೊಟ್ಟು ಕತ್ತರಿಸಿ, ಹರಳುಪ್ಪಿನ ಜೊತೆ ಒಂದು ಸುತ್ತು ಮಿಡಿ ಒಂದು ಸುತ್ತು ಉಪ್ಪು ಎಂದು ಭರಣಿ ತುಂಬುವವರೆಗೆ ಎಲ್ಲ ಒಣಗಿರಬೇಕು. ಒಂದು ಹನಿ ನೀರು ಬಿದ್ದರೂ ಬೂಷ್ಟು ಬರುತ್ತದೆ. ಹೀಗಿರುವಾಗ ನಾನು ಒಂದು ದಿನ ಭರಣಿಯೊಳಗೆ ಇಣುಕಿ ನೋಡುತ್ತಿದ್ದಾಗ ಮೂಗಿನಿಂದ ಹನಿಯೊಂದು ಸೀದಾ ಒಳಗೆ ಬಿತ್ತು. ಅತ್ತೆ ನನ್ನ ತೋಳು ಹಿಡಿದು ಜಗಲಿಗೆ ಕರೆದುಕೊಂಡು ಹೋಗಿ ಕೂರಿಸಿದರು. ಬೆವರೂ ಉಪ್ಪುನೀರೇ ಅಲ್ಲವೇ, ಅದು ಬಿದ್ದರೆ ಉಪ್ಪಿನಕಾಯಿ ಯಾಕೆ ಕೆಡಬೇಕು ಎಂದು ನಾನು ಕೇಳಿದೆ. ಇಂಥ ಪ್ರಶ್ನೆ ಕೇಳುವ ಸೊಸೆ ಊರಿಗೊಬ್ಬಳಿದ್ದರೆ ಸಾಕು ಎಂದು ಅವರು ಒಳಗೆ ಹೋದರು. ಆ ದಿನದಿಂದ ನನಗೆ ಮಿಡಿ ಮುಟ್ಟುವುದು ಬಂದ್.

ಕೆಲಸವಿಲ್ಲದೆ ಜಗಲಿಯಲ್ಲಿ ಕೂತವಳಿಗೆ ಮದ್ದು ಹೇಳದೆ ಹೋಗುವವರು ಯಾರು? ಎದುರುಮನೆಯ ಗಂಗಮ್ಮ ಪಟಿಕದ ತುಂಡು ತಂದುಕೊಟ್ಟರು. ಕ್ಷೌರ ಮಾಡಿದ ಮೇಲೆ ಗಂಡಸರು ಗಲ್ಲಕ್ಕೆ ಉಜ್ಜುತ್ತಾರಲ್ಲ, ಅದೇ. ಕಂಕುಳಿಗೆ ಉಜ್ಜಿಕೊಂಡೆ. ಬೆವರು ಎರಡು ದಿನ ಕಡಿಮೆಯಾದಂತೆ ಕಂಡಿತು. ಮೂರನೆಯ ದಿನ ಚರ್ಮ ಕೆಂಪಾಗಿ ಬಿರಿದು, ಬೆವರು ತಾಗಿದರೆ ಮೆಣಸಿನಪುಡಿ ಸವರಿದಂತೆ ಉರಿಯತೊಡಗಿತು. ಮುಖಕ್ಕೆ ಹಚ್ಚುವ ಪೌಡರನ್ನು ಕುತ್ತಿಗೆಗೂ ಬೆನ್ನಿಗೂ ಸುರಿದುಕೊಂಡೆ. ಅದು ಬೆವರಿನಲ್ಲಿ ಕಲೆಸಿ ಹಿಟ್ಟಾಗಿ ಮಡಿಕೆಗಳಲ್ಲೆಲ್ಲ ಬೆವರುಸಾಲೆ ಎದ್ದಿತು. ಸಂತೆಯಲ್ಲಿ ನಾರುಬೇರು ಮಾರುವವನೊಬ್ಬ ಬೆವರು ನಿಲ್ಲಿಸುವ ಪುಡಿಯೆಂದು ಒಂದು ಪೊಟ್ಟಣ ಕೊಟ್ಟಿದ್ದ. ಅದನ್ನು ತಿಂದು ನೋಡುವ ಕುತೂಹಲ ನನಗೆ ವಿಪರೀತ ಇತ್ತು. ಅತ್ತೆ ಅದನ್ನು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡರು. ಹೊಟ್ಟೆಗೆ ಹೋಗುವ ಮದ್ದಿನ ವಿಷಯದಲ್ಲಿ ಅವರು ಯಾರನ್ನೂ ನಂಬುತ್ತಿರಲಿಲ್ಲ.

ಅವರಿಗೆ ಅವರದೇ ಒಂದು ಲೆಕ್ಕ ಇತ್ತು. ಒಂದು ಮಧ್ಯಾಹ್ನ ಉಪ್ಪಿಗೆ ಹಾಕಿದ್ದ ಮಿಡಿಯ ಭರಣಿಯನ್ನು ಬಗ್ಗಿಸಿ ನನಗೆ ತೋರಿಸಿದರು. ಒಣಗಿಸಿ ತುಂಬಿದ್ದ ಭರಣಿಯಲ್ಲಿ ಈಗ ಅರ್ಧ ನೀರು, ದುಂಡಗಿದ್ದ ಮಿಡಿಗಳು ಮುರುಟಿ ಅಜ್ಜಿಯ ಬೆರಳಿನಂತಾಗಿದ್ದವು.

"ನೋಡು, ಈ ನೀರು ನಾನು ಹೊಯ್ದಿದ್ದಲ್ಲ," ಎಂದರು. "ಮಿಡಿ ತಾನಾಗೇ ನೀರು ಬಿಡ್ತದಾ? ಉಪ್ಪು ಬಿದ್ಮೇಲೆ ತಾನೆ ಬಿಡೋದು? ನಿನ್ ಮೈಯೂ ಹಂಗೇ. ಇವತ್ತಿಂದ ನಿಂಗೆ ಉಪ್ಪು ಬ್ಯಾಡ. ನೀರೂ ಜಾಸ್ತಿ ಕುಡೀಬ್ಯಾಡ. ಒಳಗೆ ಇದ್ರೆ ತಾನೆ ಹೊರಗೆ ಬರೋದು."

ನಿಜ ಹೇಳಬೇಕೆಂದರೆ ನನಗೆ ಆ ಮಾತು ಬಹಳ ಹಿಡಿಸಿತು. ದೃಷ್ಟಿ, ಹಣೆಬರಹ ಎನ್ನುವುದಕ್ಕಿಂತ ಇದು ಎಷ್ಟೋ ವಾಸಿ. ಕಣ್ಣಿಗೆ ಕಾಣುವ ಕಾರಣ, ಭರಣಿಯಲ್ಲೇ ಪುರಾವೆ. ನಾನು ಕುಣಿಯುವವಳಂತೆ ಒಪ್ಪಿಕೊಂಡೆ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುವ ಗಾದೆಯ ಎರಡೂ ತುದಿ ನನಗೆ ಆ ಬೇಸಿಗೆಯಲ್ಲಿ ತಪ್ಪಿದವು ಎಂದು ನಮ್ಮನೆಯವರಲ್ಲಿ ತಮಾಷೆ ಮಾಡಿದ್ದೂ ಉಂಟು. ಸಪ್ಪೆ ಗಂಜಿ, ಸಪ್ಪೆ ಸಾರು. ಬಾಯಿ ಒಣಗಿದರೆ ಒಂದು ಗುಟುಕು, ಅಷ್ಟೇ.

ಮೊದಮೊದಲು ಗೆದ್ದೆವು ಅನ್ನಿಸಿತು. ಬೆವರು ನಿಜವಾಗಿಯೂ ತಗ್ಗಿತು. ಅತ್ತೆ ಗಂಗಮ್ಮನಿಗೆ ಜಂಬದಿಂದ ಹೇಳಿಕೊಂಡರು. ಆದರೆ ಮೈ ತಣ್ಣಗಾಗಲಿಲ್ಲ. ಬೆವರು ಬಾರದ ಮೈ ಒಲೆಯ ಪಕ್ಕದ ಗೋಡೆಯಂತೆ ಸುಡುತ್ತಿತ್ತು. ತಲೆ ಸಿಡಿಯುತ್ತಿತ್ತು, ಮೀನಖಂಡ ಸೆಳೆಯುತ್ತಿತ್ತು, ಮೂತ್ರ ಸ್ವಲ್ಪವೇ ಬರುತ್ತಿತ್ತು, ಬಂದದ್ದು ಚಹಾದ ಬಣ್ಣ. ಇದೆಲ್ಲ ಬಸುರಿಯರಿಗೆ ಇದ್ದದ್ದೇ ಇರಬೇಕೆಂದು ನಾನು ಸುಮ್ಮನಿದ್ದೆ. ನಾನು ಕಿವಿಗೊಟ್ಟು ಕಾಯುತ್ತಿದ್ದುದು ಒದೆತಕ್ಕೆ ಮಾತ್ರ. ಅದೂ ದಿನದಿಂದ ದಿನಕ್ಕೆ ಸೋಮಾರಿಯಾಗುತ್ತಿತ್ತು.

ಏಳನೆಯ ತಿಂಗಳು ನಡೆಯುತ್ತಿತ್ತು. ಅಂದು ಬೆಳಿಗ್ಗೆ ಎದ್ದವಳಿಗೆ ಒದೆತ ಸಿಗಲಿಲ್ಲ. ಬಲಮಗ್ಗುಲಾದೆ, ಎಡಮಗ್ಗುಲಾದೆ, ಹೊಟ್ಟೆಯನ್ನು ಬೆರಳಿನಿಂದ ತಟ್ಟಿದೆ. ಏನೂ ಇಲ್ಲ. ಅತ್ತೆಗೆ ಹೇಳೋಣವೆಂದು ಹಿತ್ತಲಿಗೆ ಹೋದೆ. ಅವರು ಚಾಪೆಯ ಮೇಲೆ ಮಿಡಿ ಹರಡಿ ಒರೆಸುತ್ತಿದ್ದರು. ನಾನು ಬಾಯಿ ತೆರೆದದ್ದು ನೆನಪಿದೆ. ಆಮೇಲೆ ನೆನಪಿರುವುದು ಕೆನ್ನೆಯ ಕೆಳಗೆ ಮಿಡಿಗಳು ಒತ್ತುತ್ತಿದ್ದದ್ದು, ಆ ಸೊನೆಯ ವಾಸನೆ, ಮತ್ತು ಅತ್ತೆ ತಮ್ಮ ಮಗನ ಹೆಸರು ಹಿಡಿದು ಕೂಗುತ್ತಿದ್ದದ್ದು.

ಹೊಸನಗರದ ಬಸ್ಸು ಆಗಷ್ಟೇ ಹೊರಟುಹೋಗಿತ್ತು. ಸಾಗರದ್ದು ನಿಂತಿತ್ತು. ನಮ್ಮನೆಯವರು ಡ್ರೈವರನ ಹಿಂದಿನ ಸೀಟಿನಲ್ಲಿದ್ದವರನ್ನು ಎಬ್ಬಿಸಿ ನಮ್ಮನ್ನು ಕೂರಿಸಿದರು. ಅವರು ಯಾವ ಊರಿನ ಹೆಸರನ್ನೂ ಕೂಗದೆ ಬಿಟ್ಟ ಬಸ್ಸು ಅದೊಂದೇ ಇರಬೇಕು. ದಾರಿಯುದ್ದಕ್ಕೂ ನಾನು ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಒಳಗಿದ್ದವರ ಜೊತೆ ಮನಸ್ಸಿನಲ್ಲೇ ಮಾತಾಡಿದೆ. ಒಂದೇ ಒಂದು ಸಲ ಒದೆ, ಆಮೇಲೆ ಬೇಕಾದಷ್ಟು ಮಲಗು ಅಂದೆ. ಪಕ್ಕದಲ್ಲಿ ಅತ್ತೆ ಕಣ್ಣುಮುಚ್ಚಿ ಕೂತಿದ್ದರು. ನಿದ್ದೆಯಲ್ಲ ಎಂದು ಅವರ ತುಟಿ ನೋಡಿದರೆ ತಿಳಿಯುತ್ತಿತ್ತು.

ಸಾಗರದಲ್ಲಿ ಒಬ್ಬ ಲೇಡಿ ಡಾಕ್ಟರಿದ್ದರು. ನಲವತ್ತರ ಆಸುಪಾಸಿನ, ಬಿಳಿ ಸೀರೆಯ, ಬೇಗಬೇಗ ಮಾತಾಡುವ ಹೆಂಗಸು. ನನ್ನನ್ನು ಮಲಗಿಸಿ, ತುತ್ತೂರಿಯಂಥ ಮರದ ಕೊಳವೆಯೊಂದನ್ನು ಹೊಟ್ಟೆಗೆ ಊರಿ ಕಿವಿಯಿಟ್ಟರು. ಜಾಗ ಬದಲಿಸಿದರು. ಮತ್ತೆ ಬದಲಿಸಿದರು. ಫ್ಯಾನಿನ ಸದ್ದು ಅಡ್ಡ ಬರುತ್ತದೆಂದು ಅದನ್ನು ನಿಲ್ಲಿಸಲು ಹೇಳಿದರು. ನಾನು ಅವರ ಮುಖವನ್ನಲ್ಲದೆ ಬೇರೇನನ್ನೂ ನೋಡಲಿಲ್ಲ. ಕಡೆಗೆ ಅವರು ಕಣ್ಣುಮುಚ್ಚಿ, ಬೆರಳಿನಿಂದ ಮಂಚದ ಅಂಚಿಗೆ ಟಕಟಕ ತಾಳ ಹಾಕತೊಡಗಿದರು. ಅದು ನನ್ನ ಮಗುವಿನ ಎದೆಬಡಿತದ ತಾಳ. ಇದೆ, ಚೆನ್ನಾಗಿದೆ ಎಂದರು. ನಾನು ಅಳತೊಡಗಿದೆ, ಆದರೆ ಕಣ್ಣಿನಲ್ಲಿ ನೀರು ಬರಲಿಲ್ಲ. ಅಷ್ಟು ಒಣಗಿದ್ದೆ.

ಅವರು ಜ್ವರ ನೋಡಿದರು, ನಾಡಿ ಹಿಡಿದರು, ತೋಳಿಗೆ ಪಟ್ಟಿ ಸುತ್ತಿ ಬ್ಲಡ್ ಪ್ರೆಶರ್ ನೋಡಿದರು. ಗಂಟಲನ್ನು ಬೆರಳಿನಿಂದ ತಡವಿ ನುಂಗು ಎಂದರು. ಅಲ್ಲಿಯ ಗ್ರಂಥಿ ಹೆಚ್ಚು ಕೆಲಸ ಮಾಡಿದರೂ ಹೀಗೆ ಬೆವರುತ್ತದಂತೆ, ನನ್ನದು ಸರಿಯಾಗಿತ್ತು. ಮೂತ್ರ ಪರೀಕ್ಷೆ ಮಾಡಿಸಿದರು. ಒಂದು ಕೈಗೆ ಗ್ಲೂಕೋಸ್ ಹಾಕಿ, ಇನ್ನೊಂದಕ್ಕೆ ಉಪ್ಪು ಹಾಕಿದ ಗಂಜಿತಿಳಿಯ ಲೋಟ ಕೊಟ್ಟರು. ಆ ಉಪ್ಪಿನ ರುಚಿ ನನಗೆ ಇವತ್ತಿಗೂ ನಾಲಗೆಯ ಮೇಲಿದೆ.

ಉಪ್ಪು ಯಾಕೆ ಬಿಟ್ಟದ್ದು ಎಂದು ಅವರು ಕೇಳಿದಾಗ ಅತ್ತೆ ಭರಣಿಯ ಕಥೆ ಹೇಳಿದರು. ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ. ಎಷ್ಟು ದಿನಕ್ಕೆ ನೀರು ಬಿಡುತ್ತದೆ, ಬಲಿತ ಮಿಡಿಯೂ ಅಷ್ಟೇ ಬಿಡುತ್ತದೆಯೇ ಎಂದೆಲ್ಲ ಕೇಳಿದರು. ಆಮೇಲೆ ಹೇಳಿದರು, ಮರದಿಂದ ಕಿತ್ತ ಮಿಡಿಗೆ ಮತ್ತೆ ನೀರು ಕೊಡುವವರಿಲ್ಲ, ಅದಕ್ಕೆ ಮುರುಟುತ್ತದೆ. ಇವಳು ಇನ್ನೂ ಮರದಲ್ಲಿರುವ ಮಿಡಿ. ಹೋದಷ್ಟನ್ನು ತುಂಬುತ್ತಿದ್ದರೆ ಆಯಿತು. ಬಸುರಿಯ ಮೈಯಲ್ಲಿ ರಕ್ತ ಹೆಚ್ಚಾಗುತ್ತದೆ, ಕಾವು ಹೆಚ್ಚಾಗುತ್ತದೆ, ಬೆವರಿ ಅದನ್ನು ಹೊರಗೆ ಹಾಕುತ್ತದೆ. ಅದನ್ನು ನಿಲ್ಲಿಸಬಾರದು, ಅದರ ಜೊತೆ ಹೊಂದಿಕೊಳ್ಳಬೇಕು.

ಅರ್ಧ ಜೀವ ಬಂದಿದ್ದ ನನಗೆ ಪ್ರಶ್ನೆ ತಡೆಯಲಾಗಲಿಲ್ಲ. ಹೊಟ್ಟೆಯೊಳಗಿನ ಮಗುವೂ ಬೆವರುತ್ತದೆಯೇ ಎಂದು ಕೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು.

"ಅದಕ್ಕೆ ಬೆವರಿ ತಣ್ಣಗಾಗೋ ದಾರಿ ಇಲ್ಲಮ್ಮ. ನೀರೊಳಗೇ ಇದೆ. ಅದರ ಮೈಯ ಕಾವು ನಿನ್ನ ರಕ್ತಕ್ಕೆ ಬಂದು, ನಿನ್ನ ಚರ್ಮದಿಂದ ಹೊರಗೆ ಹೋಗ್ಬೇಕು. ಅದರ ಪಾಲಿನ ಬೆವರನ್ನೂ ನೀನೇ ಬೆವರಬೇಕು."

ನನ್ನ ಜೀವನದಲ್ಲಿ ಕೇಳಿದ ಪ್ರಶ್ನೆಗಳಿಗೆ ಸಿಕ್ಕ ಉತ್ತರಗಳಲ್ಲಿ ಅಷ್ಟು ಚಂದದ್ದು ಇನ್ನೊಂದಿಲ್ಲ. ಅಸಹ್ಯವಾಗಿದ್ದ ಬೆವರಿನ ಮೇಲೆ ಆ ಗಳಿಗೆಯಲ್ಲಿ ಮಮತೆಯೇ ಹುಟ್ಟಿತು. ಮಧ್ಯಾಹ್ನದ ಹೊತ್ತಿಗೆ ಎರಡನೆಯ ಬಾಟಲಿ ಇಳಿಯುತ್ತಿರುವಾಗ, ಎಡಪಕ್ಕೆಯ ಕೆಳಗೆ ಒಂದು ಒದೆತ ಬಂತು. ಸಣ್ಣದಲ್ಲ, ಕೋಪ ಬಂದವರು ಒದೆಯುವಂಥದ್ದು. ಅತ್ತೆಯ ಕೈಯನ್ನು ಎಳೆದು ಅಲ್ಲಿಟ್ಟೆ. ಎರಡನೆಯದು ಅವರ ಅಂಗೈಗೇ ಬಿತ್ತು. ಅವರು ಕೈ ತೆಗೆಯದೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

ಅಂದು ಅಲ್ಲೇ ಉಳಿಸಿಕೊಂಡು ಮರುದಿನ ಕಳಿಸುವಾಗ ಡಾಕ್ಟರು ಬುದ್ಧಿ ಹೇಳಿದರು. ಬಾಯಾರಿಕೆಗೆ ಕಾಯದೆ ಆಗಾಗ ನೀರು ಕುಡಿಯಬೇಕು, ಮಜ್ಜಿಗೆ, ಎಳನೀರು, ಗಂಜಿತಿಳಿ ಏನಾದರೂ ಸರಿ. ಉಪ್ಪು ಮನೆಯವರೆಲ್ಲ ತಿನ್ನುವಷ್ಟು, ಹಾಗೆಂದು ಉಪ್ಪಿನಕಾಯಿಯನ್ನೇ ಊಟ ಮಾಡಬಾರದು. ಸಡಿಲವಾದ ಹಳೆಯ ಹತ್ತಿ ಬಟ್ಟೆ, ಉಗುರುಬೆಚ್ಚಗಿನ ನೀರಿನ ಸ್ನಾನ, ಮಡಿಕೆಗಳನ್ನು ಒರೆಸಿ ಒಣಗಿಸುವುದು. ಒಲೆಯ ಮುಂದಿನ ಕೆಲಸವೆಲ್ಲ ಬೆಳಗಿನ ತಂಪಿನಲ್ಲೇ. ಬಿರಿದ ಚರ್ಮಕ್ಕೆ ಪಟಿಕ ಮುಟ್ಟಿಸಕೂಡದು, ಪೌಡರು ಸುರಿಯಕೂಡದು. ಜ್ವರ ಬಂದರೆ, ಎದೆ ಸುಮ್ಮನಿದ್ದಾಗಲೂ ಹೊಡೆದುಕೊಂಡರೆ, ತಲೆನೋವಿನ ಜೊತೆ ಮುಖ ಕೈ ಊದಿದರೆ, ಒದೆತ ಕಡಿಮೆಯಾದರೆ ಯಾರನ್ನೂ ಕೇಳದೆ ಬಸ್ಸು ಹತ್ತಬೇಕು. ಅತ್ತೆ ಸೊಂಟದಿಂದ ಸಂತೆಯ ಪುಡಿಯ ಪೊಟ್ಟಣ ತೆಗೆದು ತೋರಿಸಿದರು. ಡಾಕ್ಟರು ಅದನ್ನು ಮೂಸಿ ಕಸದ ಬುಟ್ಟಿಗೆ ಹಾಕಿದರು. "ಇದರಲ್ಲಿ ಏನಿದೆ ಅಂತ ನಂಗೂ ಗೊತ್ತಿಲ್ಲ, ಕೊಟ್ಟವನಿಗೂ ಗೊತ್ತಿರಲಿಕ್ಕಿಲ್ಲ," ಎಂದರು.

ಮನೆಗೆ ಬಂದ ಮೇಲೆ ನನಗೆ ಬೇರೊಂದು ಕುತೂಹಲ ಶುರುವಾಯಿತು. ನಮ್ಮತ್ತೆ ಯಾವ ಮಾತನ್ನೂ ಸುಲಭಕ್ಕೆ ಬಿಟ್ಟುಕೊಡುವವರಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು. ಅಂಥವರು ಡಾಕ್ಟರು ಹೇಳಿದ್ದಷ್ಟನ್ನೂ ಎದುರಾಡದೆ ಮಾಡತೊಡಗಿದರು. ಕುಡಿಯುವ ನೀರಿನ ಮಣ್ಣಿನ ಹೂಜಿ ನನ್ನ ಪಕ್ಕಕ್ಕೆ ಬಂತು. ತಮ್ಮ ಹಳೆಯ ಮೆತ್ತನೆಯ ಸೀರೆಗಳನ್ನು ಹರಿದು ನನಗೆ ಒರೆಸಿಕೊಳ್ಳಲು ಕೊಟ್ಟರು. ಉಪ್ಪು ಹಾಕಿದ ನೀರುಮಜ್ಜಿಗೆ ಹಿಡಿದುಕೊಂಡು ನಾನಿದ್ದಲ್ಲಿಗೆ ಬರುತ್ತಿದ್ದರು. ನಾನು ಮೊದಲಿನಷ್ಟೇ ಬೆವರುತ್ತಿದ್ದೆ, ಆದರೆ ತಲೆ ಹಗುರವಾಗಿತ್ತು, ಒದೆತ ಹೊತ್ತುಹೊತ್ತಿಗೆ ಬರುತ್ತಿತ್ತು. ಅತ್ತೆ ಮಾತ್ರ ಮಾತು ಕಡಿಮೆ ಮಾಡಿದ್ದರು. ಏನಾಯಿತೆಂದು ಕೇಳಿದರೆ ಮಿಡಿ ಸೀಸನ್ನಿನ ಸುಸ್ತು ಎಂದರು. ನಾನು ನಂಬಲಿಲ್ಲ.

ಏಳು ದಾಟಿ ಎಂಟಕ್ಕೆ ಬಿದ್ದ ಮೇಲೆ ಮತ್ತೆ ಸಾಗರಕ್ಕೆ ತೋರಿಸಲು ಹೋದೆವು. ಡಾಕ್ಟರು ಎಲ್ಲ ಸರಿಯಿದೆ ಎಂದರು. ನಾನು ಸೆರಗು ಸರಿಮಾಡಿಕೊಳ್ಳುತ್ತಿದ್ದಾಗ ಅತ್ತೆ ಬಾಗಿಲ ಹತ್ತಿರ ಹೋದವರು ತಿರುಗಿ ಬಂದು ಮೇಜಿನ ಮುಂದೆ ನಿಂತರು.

"ಡಾಕ್ಟ್ರಮ್ಮ, ಒಂದು ಕೇಳ್ಬೇಕಿತ್ತು. ಇವಳ ಗಂಡ ಹುಟ್ಟೋಕೆ ಮೊದ್ಲು ನಂಗೆ ಎರಡು ಆಗಿತ್ತು. ಎರಡೂ ಬ್ಯಾಸಿಗೇಲೇ ತುಂಬಿದ್ದು. ನಂಗೂ ಹಿಂಗೇ ಬೆವರು. ನಮ್ಮತ್ತೆ ಭರಣಿ ತೋರ್ಸಿ ಉಪ್ಪು ಬಿಡ್ಸಿದ್ರು, ನೀರು ಬಿಡ್ಸಿದ್ರು. ಎರಡೂ ಹೊಟ್ಟೇಲೇ ಹೋದ್ವು. ಇವನು ಮಳೆಗಾಲದಲ್ಲಿ ತುಂಬ್ದ, ಉಳ್ಕೊಂಡ." ಅವರು ಮೇಜಿನ ಅಂಚು ಹಿಡಿದುಕೊಂಡರು. "ನೀರು ಕುಡಿದಿದ್ರೆ ಅವೂ ಉಳೀತಿದ್ವಾ?"

ಡಾಕ್ಟರು ಪೆನ್ನು ಕೆಳಗಿಟ್ಟರು. ಆಮೇಲೆ, ಈಗ ಹೇಳಲು ಬರುವುದಿಲ್ಲ, ಕಾರಣ ಬೇರೆಯೂ ಇರಬಹುದು, ನೀರಿನಿಂದಲೇ ಹೋದವು ಎನ್ನುವ ಹಾಗಿಲ್ಲ, ಅಲ್ಲ ಎನ್ನುವ ಹಾಗೂ ಇಲ್ಲ ಎಂದರು. ಅತ್ತೆ ತಲೆಯಾಡಿಸಿದರು. ಪ್ರಶ್ನೆಗಳೆಲ್ಲ ನನ್ನೊಬ್ಬಳ ಸೊತ್ತು ಎಂದುಕೊಂಡಿದ್ದೆ ನಾನು. ಈಕೆ ಇಂಥದೊಂದನ್ನು ಇಷ್ಟು ವರ್ಷ ಯಾರಿಗೂ ತೋರದೆ ಇಟ್ಟುಕೊಂಡು, ನಮ್ಮ ಮನೆಯ ಭರಣಿಗಳನ್ನು ಒರೆಸಿ, ತುಂಬಿ, ಬಾಯಿ ಕಟ್ಟುತ್ತಿದ್ದರು. ಬಸ್ಸಿನಲ್ಲಿ ಅವರ ಪಕ್ಕ ಕೂತೆ. ದುಃಖವಾಯಿತು, ಅಷ್ಟೇ. ಅವರ ಕೈ ಹಿಡಿದುಕೊಂಡೆ. ನನ್ನ ಅಂಗೈ ಎಂದಿನಂತೆ ಬೆವರಿತ್ತು. ಅವರು ಬಿಡಿಸಿಕೊಳ್ಳಲಿಲ್ಲ.

ಆಷಾಢದಲ್ಲಿ ಹೆರಿಗೆಯಾಯಿತು. ಹೆಣ್ಣು. ಹುಟ್ಟಿದ ಕೂಡಲೇ ಬೀದಿಗೆಲ್ಲ ಕೇಳುವಂತೆ ಅತ್ತಿತು. ನಾನು ತಲೆಯಿಂದ ಕಾಲಿನವರೆಗೆ ತೊಯ್ದು ಹೋಗಿದ್ದೆ. ನಾಲಗೆ ಅಂಗುಳಕ್ಕೆ ಅಂಟಿತ್ತು. ಆಗೆಲ್ಲ ಬಾಣಂತಿಗೆ ನೀರು ಕೊಡುತ್ತಿರಲಿಲ್ಲ, ಹೊಟ್ಟೆ ಬರುತ್ತದೆ, ಮಗುವಿಗೆ ಶೀತವಾಗುತ್ತದೆ ಎನ್ನುತ್ತಿದ್ದರು. ಅತ್ತೆ ಚೊಂಬು ತುಂಬಿ ತಂದರು. ಗಂಗಮ್ಮ ಬಾಗಿಲಲ್ಲೇ ತಡೆದು, ಎಂಥದು ಇದು, ಬಾಣಂತಿಗೆ ನೀರಾ ಎಂದರು.

"ಬೆವರಿದಾಳೆ. ಕುಡೀಲಿ," ಎಂದರು ಅತ್ತೆ.

ನನ್ನ ತಲೆ ಎತ್ತಿ ಹಿಡಿದು ಚೊಂಬನ್ನು ತುಟಿಗೇ ಇಟ್ಟರು. ನಾನು ಕುಡಿದೆ. ಮುಕ್ಕಾಲು ಖಾಲಿ ಮಾಡಿ ಸಾಕೆಂದೆ. ನಮ್ಮತ್ತೆ ಜೀವಮಾನದಲ್ಲಿ ಯಾರ ಎಂಜಲೂ ಮುಟ್ಟಿದವರಲ್ಲ, ನೀರನ್ನು ಚೊಂಬಿಗೆ ತುಟಿ ತಾಗದಂತೆ ಮೇಲಿನಿಂದ ಹೊಯ್ದು ಕುಡಿಯುವವರು. ಸೂತಕದ ಕೋಣೆ ಬೇರೆ. ಅವರು ಚೊಂಬನ್ನು ನನ್ನ ಬಾಯಿಂದ ತೆಗೆದು, ಅದರಲ್ಲಿ ಉಳಿದಿದ್ದ ನೀರನ್ನು ಒಂದು ಕ್ಷಣ ನೋಡಿದರು. ಆಮೇಲೆ ಮಗುವಿನ ಪಕ್ಕ ನೆಲದ ಮೇಲೆ ಕೂತು, ಚೊಂಬನ್ನು ತಮ್ಮ ತುಟಿಗೇ ಇಟ್ಟುಕೊಂಡು, ಒಂದೇ ಉಸಿರಿಗೆ ಅಷ್ಟನ್ನೂ ಕುಡಿದರು.